ಅಮ್ಮನೊಂದಿಗೆ ಪೌಲನ ಜಾಡಿನಲ್ಲಿ: ಫಿಲಿಪ್ಪಿಯೋ, ಕೊರಿಂಥವೋ?

ಪ್ರಶ್ನೆ:
ನಮಸ್ಕಾರ. ನನ್ನ ಅಮ್ಮನಿಗೆ 71 ವರ್ಷ. ಅವರ ಬೈಬಲಿನಲ್ಲಿ, ಧರ್ಮಪ್ರಚಾರಕ ಪೌಲನ ಪ್ರಯಾಣಗಳನ್ನು ಹೇಳುವ ‘ಅಪೊಸ್ತಲರ ಕೃತ್ಯಗಳು’ ಭಾಗದ ಹಾಳೆಗಳು ಓದಿ ಓದಿ ಹಳೆಯ ಸೀರೆಯ ಅಂಚಿನಂತೆ ಮೆತ್ತಗಾಗಿವೆ. ಮೇ ತಿಂಗಳಲ್ಲಿ ಅವರನ್ನು ಗ್ರೀಸಿಗೆ ಕರೆದೊಯ್ಯುತ್ತಿದ್ದೇನೆ. ಅಥೆನ್ಸ್ ಮುಗಿದ ಮೇಲೆ ನಮಗೆ ಉಳಿಯುವುದು ಎರಡೇ ದಿನ. ಮಂಡಿನೋವಿನಿಂದಾಗಿ ಅಮ್ಮ ಅರ್ಧ ಗಂಟೆ ನಡೆದರೆ ಕೂರಲೇಬೇಕು. ಪೌಲ ಬೋಧಿಸಿದ ಊರುಗಳಲ್ಲಿ ಕೊರಿಂಥ ಹತ್ತಿರ, ಫಿಲಿಪ್ಪಿ ದೂರ. ಹೋಗಿ ಬಂದವರು ದಯವಿಟ್ಟು ಹೇಳಿ, ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ 1:
ಫಿಲಿಪ್ಪಿಗೆ ಹೋಗಿ. ನಾನು ಎರಡು ಸಲ ಹೋಗಿದ್ದೇನೆ, ಮೂರನೆಯ ಸಲವೂ ಹೋಗುವ ಆಸೆಯಿದೆ.

ಕವಾಲಾ ಪಟ್ಟಣದಲ್ಲಿ ಉಳಿದುಕೊಳ್ಳಿ. ಈಗಿನ ಟರ್ಕಿಯ ತೀರದಲ್ಲಿದ್ದ ತ್ರೋವದಿಂದ ಹಡಗು ಹತ್ತಿದ ಪೌಲ ಬಂದಿಳಿದ ನೆಯಾಪೊಲಿ ಅದೇ. ಅಲ್ಲಿಂದ ಫಿಲಿಪ್ಪಿಗೆ ಸುಮಾರು 15 ಕಿ.ಮೀ. ಅಷ್ಟೇ. ಅವಶೇಷಗಳ ನಡುವೆ ರೋಮನ್ನರ ಕಾಲದ ಎಗ್ನಾಟಿಯಾ ಹೆದ್ದಾರಿಯ ಒಂದು ತುಣುಕು ಉಳಿದಿದೆ. ಹಾಸುಗಲ್ಲುಗಳಲ್ಲಿ ಗಾಡಿಚಕ್ರಗಳ ಜಾಡು ಕೊರೆದು ಹೋಗಿದೆ. ನಾನು ಬಗ್ಗಿ ಆ ಜಾಡಿನಲ್ಲಿ ಬೆರಳಿಟ್ಟೆ. ಬಿಸಿಲಿಗೆ ಕಲ್ಲು ಕಾದಿತ್ತು, ಜಾಡಿನ ತಳ ಮಾತ್ರ ತಣ್ಣಗಿತ್ತು. ಪೌಲ ಮತ್ತು ಅವನ ಸಂಗಾತಿ ಸೀಲ ಈ ದಾರಿಯಲ್ಲೇ ಥೆಸಲೊನೀಕದ ಕಡೆಗೆ ನಡೆದರು ಎಂದುಕೊಂಡಾಗ ಗಂಟಲು ಕಟ್ಟಿತು.

ಅಮ್ಮನಿಗೆ ಒಂದು ವಿಷಯವನ್ನು ಮೊದಲೇ ತಿಳಿಸಿ. ಅಲ್ಲಿ ಕಾಣುವ ಎಲ್ಲವೂ ಪೌಲನ ಕಾಲದ್ದಲ್ಲ. ಚೌಕದ ಈಗಿನ ರೂಪ 2ನೆಯ ಶತಮಾನದ್ದು, ಬಸಿಲಿಕಾ ಎಂಬ ದೊಡ್ಡ ಚರ್ಚುಗಳು ಇನ್ನೂ ತಡವಾದವು. ‘ಪೌಲನ ಸೆರೆಮನೆ’ ಎಂದು ತೋರಿಸುವ ಜಾಗ ಮೂಲತಃ ರೋಮನ್ನರ ನೀರಿನ ತೊಟ್ಟಿ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಂತರದ ಭಕ್ತರು ಅದನ್ನು ಪವಿತ್ರವೆಂದು ಕಂಡರು. ಇದನ್ನು ಮುಚ್ಚಿಡಬೇಡಿ. ಇಷ್ಟು ವರ್ಷ ಓದಿದವರು ನಿಜವನ್ನು ತಾಳಿಕೊಳ್ಳುತ್ತಾರೆ.

ಅವರನ್ನು ಹೆಚ್ಚು ಹೊತ್ತು ನಿಲ್ಲಿಸಬೇಕಾದದ್ದು ಎಂಟು ಮೂಲೆಯ ಚರ್ಚಿನ ಬಳಿ. ಅದರ ಕೆಳಗೆ 4ನೆಯ ಶತಮಾನದ ಪ್ರಾರ್ಥನಾಮಂದಿರವೊಂದರ ನೆಲ ಸಿಕ್ಕಿದೆ. ಬಿಷಪ್ ಪೊರ್ಫಿರಿಯೋಸ್ ಪೌಲನ ಬಸಿಲಿಕಾದ ಈ ಮೊಸಾಯಿಕ್ (ಬಣ್ಣದ ಕಲ್ಲುಚೂರುಗಳ ಚಿತ್ತಾರದ) ನೆಲವನ್ನು ಮಾಡಿಸಿದನೆಂದು ಗ್ರೀಕ್ ಅಕ್ಷರಗಳಲ್ಲಿ ಅಲ್ಲೇ ಬರೆದಿದೆ. ಪೌಲನ ಹೆಸರನ್ನು ಊರಿನವರೇ ನೆಲದಲ್ಲಿ ಕೂರಿಸಿಟ್ಟ ಸಾಕ್ಷಿ ಅದು.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕೊರಿಂಥವನ್ನು ಕೈಬಿಡಬೇಡಿ. ಅಥೆನ್ಸಿನಿಂದ 80 ಕಿ.ಮೀ. ಅಷ್ಟೇ, ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗಬಹುದು. ರೋಮನ್ ಅಧಿಪತಿ ಗಲ್ಲಿಯೋನನ ಮುಂದೆ ಪೌಲನನ್ನು ವಿಚಾರಣೆಗೆ ನಿಲ್ಲಿಸಿದ ನ್ಯಾಯಪೀಠದ ಕಲ್ಲುಕಟ್ಟೆ ಚೌಕದಲ್ಲೇ ಇದೆ. ಡೆಲ್ಫಿಯಲ್ಲಿ ಸಿಕ್ಕ ಶಾಸನದಿಂದ ಗಲ್ಲಿಯೋ ಅಧಿಕಾರದಲ್ಲಿದ್ದದ್ದು ಕ್ರಿ.ಶ. 51ರ ಸುಮಾರಿಗೆ ಎಂದು ಗೊತ್ತಾಗಿದೆ. ಪೌಲನ ಕಾಲಗಣನೆಗೆ ಮುಖ್ಯ ಆಧಾರ ಆ ಶಾಸನವೇ.

ರಂಗಮಂದಿರದ ಹತ್ತಿರ ಎರಸ್ತನ ಹೆಸರು ಕೆತ್ತಿದ ಹಾಸುಗಲ್ಲನ್ನೂ ನೋಡಿ. ಅಕ್ಷರಗಳಲ್ಲಿ ತುಂಬಿದ್ದ ಲೋಹ ಹೋಗಿದೆ, ಬರೀ ಕುಳಿಗಳು ಉಳಿದಿವೆ. ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಬರುವ, ಪಟ್ಟಣದ ಖಜಾನೆ ನೋಡಿಕೊಳ್ಳುತ್ತಿದ್ದ ಎರಸ್ತನೇ ಇವನು ಎಂಬುದನ್ನು ಎಲ್ಲರೂ ಒಪ್ಪಿಲ್ಲ. ಬೆಟ್ಟದ ಮೇಲಿನ ಕೋಟೆಗೆ ಅಮ್ಮನನ್ನು ಹತ್ತಿಸಬೇಡಿ. ಪೌಲ ಭಾಷಣ ಮಾಡಿದನೆನ್ನುವ ಅಥೆನ್ಸಿನ ಅರಿಯೊಪಾಗದ ಬಂಡೆಯೂ ಜನ ತುಳಿದು ತುಳಿದು ಜಾರುತ್ತದೆ. ಬುಡದಲ್ಲಿ ಪೌಲನ ಭಾಷಣವನ್ನು ಕೆತ್ತಿದ ಕಂಚಿನ ಫಲಕವಿದೆ, ಅದನ್ನು ನೋಡಿದರೆ ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಮ್ಮನಿಗೆ ಓದಿ ಹೇಳಿದೆ. ನೀರಿನ ತೊಟ್ಟಿಯ ಮಾತಿಗೆ ಅವರು ಬೇಸರಪಡಲಿಲ್ಲ. ‘ಲುದ್ಯ ಕುಳಿತ ನದಿ ಇದೆಯೇ, ಅದನ್ನು ಕೇಳು’ ಎಂದರು.

ಉತ್ತರ 1:
ಇದೆ. ಅವಶೇಷಗಳಿಂದ ಸ್ವಲ್ಪ ಪಶ್ಚಿಮಕ್ಕೆ ಕಿರಿದಾದ ಹೊಳೆ ಹರಿಯುತ್ತದೆ. ಥುವತೈರದಿಂದ ಬಂದು ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ದೀಕ್ಷಾಸ್ನಾನ ಪಡೆದದ್ದು ಅಲ್ಲೇ ಎಂದು ನಂಬುತ್ತಾರೆ. ಪಕ್ಕದ ಚರ್ಚು ಈಚಿನದು. ದಂಡೆಯಲ್ಲಿ ಮರಗಳ ನೆರಳಿದೆ, ಕೂರಲು ಕಲ್ಲಿನ ಮೆಟ್ಟಿಲುಗಳಿವೆ. ಅವಶೇಷಗಳನ್ನು ಬೆಳಿಗ್ಗೆಯೇ ಮುಗಿಸಿ, ಬಿಸಿಲೇರಿದ ಮೇಲೆ ಅಮ್ಮನನ್ನು ಅಲ್ಲಿಗೆ ಕರೆದೊಯ್ಯಿರಿ. ಆ ಹಳೆಯ ಬೈಬಲನ್ನೂ ಕೈಯಲ್ಲಿ ಹಿಡಿದುಕೊಂಡು ಬರಲಿ. ಲುದ್ಯಳ ಕಥೆಯಿರುವ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಅವರೇ ಓದಲಿ.