ಪದಚರ್ಚೆ: ಚಾಕುವಿನ ‘ಫುಲ್ ಟ್ಯಾಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಸು.ಹೆ., ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಚಾರಣಕ್ಕೆ ಹೋಗುವವರು ಚಾಕು ಆರಿಸಿಕೊಳ್ಳುವುದು ಹೇಗೆ ಎಂಬ ಎರಡು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಜೊತೆಗೆ ಅಂಗಡಿಯ ಗಾಜಿನ ಪೆಟ್ಟಿಗೆಗೆ ಅಂಟಿಸುವ ಒಂದು ಫಲಕವೂ ಇದೆ. ನಾಳೆ ಸಂಜೆ ನಾಲ್ಕಕ್ಕೆ ಎರಡೂ ಅಚ್ಚಿಗೆ ಹೋಗಬೇಕು. ಮೂರು ಕಡೆ ಕೈಕಟ್ಟಿದೆ.

1. ಫುಲ್ ಟ್ಯಾಂಗ್. ಅಲಗಿನ ಉಕ್ಕೇ ಮುಂದುವರಿದು ಹಿಡಿಯೊಳಗೆ ಹೋಗುವ ಭಾಗ ಟ್ಯಾಂಗ್. ಅದು ಹಿಡಿಯಷ್ಟೇ ಉದ್ದ, ಹಿಡಿಯಷ್ಟೇ ಅಗಲ ಇದ್ದರೆ ಫುಲ್ ಟ್ಯಾಂಗ್.
2. ಸರ್ವೈವಲ್ ನೈಫ್. ಒಬ್ಬರು ‘ಬದುಕುಳಿಯುವ ಚಾಕು’ ಎಂದು ಕೊಟ್ಟಿದ್ದಾರೆ. ನನಗೆ ಒಪ್ಪಿಗೆಯಾಗಿಲ್ಲ.
3. ಬೆವೆಲ್. ಬಾಯಿಯ, ಅಂದರೆ ಕೊಯ್ಯುವ ಅಂಚಿನ ಕಡೆಗೆ ಉಕ್ಕನ್ನು ಇಳಿಜಾರಾಗಿ ತೇಯ್ದ ಭಾಗ.

ಫಲಕದಲ್ಲಿ ಸಾಲಿಗೆ ಹದಿನಾರು ಅಕ್ಷರ ಮಾತ್ರ ಹಿಡಿಯುತ್ತದೆ. ಇಂಗ್ಲಿಷನ್ನೇ ಇಟ್ಟುಬಿಡಿ ಅನ್ನುವವರು ದಯವಿಟ್ಟು ಕಾರಣವನ್ನೂ ಬರೆಯಿರಿ.

ನಾ.ಕ., ಧಾರವಾಡ:

‘ಬದುಕುಳಿಯುವ ಚಾಕು’ ಕೂಡದು. ಬದುಕುಳಿ ಅಕರ್ಮಕ ಧಾತು. ಆ ಕೃದಂತಕ್ಕೆ ಚಾಕುವೇ ಕರ್ತೃವಾಗಿ ಕೂರುತ್ತದೆ. ಉಳಿಯುವುದು ಚಾಕು, ಮನುಷ್ಯನಲ್ಲ.

ಅದಿರಲಿ, ‘ಚಾಕು’ ಏಕೆ? ತುರ್ಕಿಯಿಂದ ಪಾರಸಿಗೆ ಹೋಗಿ, ಉರ್ದುವಿನ ದಾರಿ ಹಿಡಿದು ಬಂದ ಪದ ಅದು. ಅಚ್ಚ ದ್ರಾವಿಡದ ‘ಕತ್ತಿ’ ಮನೆಯಲ್ಲೇ ಇದೆ. ಮೆಟ್ಟುಗತ್ತಿ, ಕಿರುಗತ್ತಿಗಳ ಹಾದಿಯಲ್ಲೇ ‘ಅಡವಿಗತ್ತಿ’ ಮಾಡಿ. ಟ್ಯಾಂಗಿಗೆ ‘ಬಾಲ’, ಫುಲ್ ಟ್ಯಾಂಗಿಗೆ ‘ತುಂಬುಬಾಲ’. ತುಂಬುತೋಳಿನ ಅಂಗಿ ಒಪ್ಪಿದವರು ಇದನ್ನೂ ಒಪ್ಪಬೇಕು.

ಗ.ಪೂ., ಮಡಿಕೇರಿ:

ನಾ.ಕ. ಅವರೇ, ವಸ್ತುವನ್ನು ನೋಡದೆ ಪದ ಕಟ್ಟಿದ್ದೀರಿ. ಬಾಲ ಅಂದರೆ ಬುಡದಿಂದ ತುದಿಗೆ ಸಣ್ಣಗಾಗುವಂಥದ್ದು. ಇಲ್ಲಿ ಸಣ್ಣಗಾಗದಿರುವುದೇ ಮುಖ್ಯ ಗುಣ. ‘ಬಾಲ’ ಒಪ್ಪುವುದು ಎದುರಿನ ಬಗೆಗೆ. ಕುಡುಗೋಲಿನಲ್ಲಿ ಮಾಡಿದ ಹಾಗೆ ಉಕ್ಕನ್ನು ಚೂಪಾಗಿ ಬಡಿದು, ಕಾಯಿಸಿ ಮರದ ಹಿಡಿಗೆ ಇಳಿಸಿ, ಅರಗು ತುಂಬಿ, ಹಿಡಿಯ ಬಾಯಿಗೆ ಅಣಸು (ಲೋಹದ ಬಳೆ) ಹಾಕುತ್ತಾರಲ್ಲ, ಅದಕ್ಕೆ. ಹುಲ್ಲು, ಪೈರು ಕೊಯ್ಯಲು ಅದು ಸಾಕು. ಕಾಡಿನಲ್ಲಿ ಚಾಕುವನ್ನು ಕಟ್ಟಿಗೆಯ ಮೇಲಿಟ್ಟು, ಬೆನ್ನಿಗೆ ಕೊಡತಿಯಿಂದ ಬಡಿದು ಸೀಳುತ್ತೇವೆ. ಆಗ ಬಾಲದ ಚಾಕು ಮುರಿಯುವುದು ಒಂದೇ ಜಾಗದಲ್ಲಿ, ಅಲಗು ಮುಗಿದು ಬಾಲ ಶುರುವಾಗುವ ಭುಜದಲ್ಲಿ. ಆ ಒಳಮೂಲೆಯನ್ನು ಚೌಕವಾಗಿ ಕತ್ತರಿಸಿದ್ದರೆ ಪೆಟ್ಟಿನ ಭಾರವೆಲ್ಲ ಅಲ್ಲೇ ಕೂಡಿ ಬಿರುಕು ಬಿಡುತ್ತದೆ. ಮೂಲೆಯನ್ನು ಗುಂಡಗೆ ಅರದಿಂದ ತಿದ್ದಿದ್ದರೆ ಎಷ್ಟೋ ತಡೆಯುತ್ತದೆ.

ಕರಪತ್ರದಲ್ಲಿ ಅಂಗಡಿಯಲ್ಲೇ ಪರೀಕ್ಷೆ ಮಾಡುವ ಕ್ರಮವನ್ನೂ ಸೇರಿಸಿ. ಹಿಡಿಯ ಬೆನ್ನು, ಹೊಟ್ಟೆ, ಹಿಂತುದಿ ಮೂರನ್ನೂ ನೋಡಬೇಕು. ಮರದ ಎರಡು ಹೋಳುಗಳ ನಡುವೆ ಉಕ್ಕಿನ ಗೆರೆ ಸುತ್ತಲೂ ತುಂಡಾಗದೆ ಕಾಣಬೇಕು. ಎರಡು ರಿವೆಟ್ ಕಂಡ ಮಾತ್ರಕ್ಕೆ ನಂಬಬಾರದು. ಅರ್ಧಕ್ಕೇ ನಿಂತ ಉಕ್ಕಿಗೂ ರಿವೆಟ್ ಹಾಕುತ್ತಾರೆ. ಅಲಗು 10ರಿಂದ 13 ಸೆಂ.ಮೀ. ಉದ್ದ, ಬೆನ್ನು 3ರಿಂದ 4 ಮಿ.ಮೀ. ದಪ್ಪ. 5 ಮಿ.ಮೀ. ದಾಟಿದರೆ ಸೀಳುತ್ತದೆ, ಆದರೆ ಈರುಳ್ಳಿಯನ್ನೂ ಕೊಯ್ಯದೆ ಒಡೆಯುತ್ತದೆ. ಬೆನ್ನಿನ ಅಂಚು ಚೌಕವಾಗಿ ಚೂಪಿರಬೇಕು, ಬೆಂಕಿಕಡ್ಡಿ ನೆಂದಾಗ ಕಿಡಿಸರಳನ್ನು (ಗೀರಿದರೆ ಕಿಡಿ ಹಾರುವ ಲೋಹದ ಕಡ್ಡಿ) ಗೀರಲು ಅದೇ ಬೇಕು.

‘ಕತ್ತಿ’ ವಿಷಯ. ನಮ್ಮ ಕೊಡಗಿನಲ್ಲಿ ಚೇಲೆಗೆ (ಸೊಂಟಪಟ್ಟಿಗೆ) ಮುಂದೆ ಸಿಕ್ಕಿಸುವ ಪೀಚೆಕತ್ತಿಯೂ ಕತ್ತಿ, ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ನಿಲ್ಲುವ ಒಡಿಕತ್ತಿಯೂ ಕತ್ತಿ. ಕರಾವಳಿಯಲ್ಲಿ ಸೊಪ್ಪು ಕಡಿಯುವುದು ಕತ್ತಿ. ಮೈಸೂರು ಕಡೆ ಕ್ಷೌರದ್ದು ಕತ್ತಿ, ರಾಜರ ಕೈಯಲ್ಲಿರುವುದೂ ಕತ್ತಿ. ಅಂಗೈಯಷ್ಟು ಅಲಗಿನ ಸಾಮಾನು ಕೇಳಲು ಬಂದವನಿಗೆ ಈ ಪದ ಏನನ್ನು ತೋರಿಸುತ್ತದೆ? ‘ಚಾಕು’ ಇರಲಿ.

ವೇ.ಶ., ಉಡುಪಿ:

ಊರಿಗೊಂದು ಅರ್ಥವಿರುವ ಪದಗಳ ತಂಟೆಯೇ ಬೇಡ. ‘ಪೂರ್ಣಪುಚ್ಛ’ ಎನ್ನಿ. ಬೀದರಿನಿಂದ ಸುಳ್ಯದವರೆಗೆ ಒಂದೇ ಅರ್ಥ. ಪಾರಿಭಾಷಿಕ ಪದಕ್ಕೆ ಸಂಸ್ಕೃತವೇ ಗತಿ. ಚಾಕುವಿಗೂ ನಮ್ಮ ಅಡುಗೆಮನೆಯ ‘ಚೂರಿ’ ಇದೆ, ಛುರಿಕಾದಿಂದ ಬಂದದ್ದು. ನಾ.ಕ. ಅವರು ಅಚ್ಚಗನ್ನಡವೆಂದು ಮುಂದಿಟ್ಟ ‘ಬಾಲ’ವೂ ಸಂಸ್ಕೃತದ ‘ವಾಲ’ವೇ ಎಂಬುದನ್ನು ನೆನಪಿಸಬೇಕಾಗಿದೆ.

ನಾ.ಕ., ಧಾರವಾಡ:

ಬಾಲ ಸಂಸ್ಕೃತವಲ್ಲ. ತಮಿಳಿನ ವಾಲ್ ನೋಡಿ.

ಲ.ಮೂ., ಬೆಂಗಳೂರು:

ತಮಿಳು, ಮಲೆಯಾಳಗಳಲ್ಲಿ ವಾಲ್, ಕನ್ನಡದಲ್ಲಿ ಬಾಲ. ವಕಾರ ಬಕಾರವಾಗುವುದು ನಮ್ಮಲ್ಲಿ ದಿನನಿತ್ಯದ ಮಾತು: ವಾಯ್–ಬಾಯಿ, ವಿಲ್–ಬಿಲ್ಲು. ಸಂಸ್ಕೃತದ ವಾಲಕ್ಕೆ ಮೊದಲ ಅರ್ಥ ಕೂದಲು, ಅದರಲ್ಲೂ ಬಾಲದ ಕೂದಲು. ವೇ.ಶ. ಅವರು ಅಷ್ಟು ಬೇಗ ತೀರ್ಪು ಕೊಡಬೇಕಿರಲಿಲ್ಲ.

ಆದರೆ ‘ತುಂಬುಬಾಲ’ಕ್ಕೆ ನನ್ನ ಆಕ್ಷೇಪ ಬೇರೆ. ಇಲ್ಲಿ ಮೂರು ಪದಗಳು ಒತ್ತೊತ್ತಾಗಿ ನಿಂತಿವೆ. ಬಾಲ: ಲಕಾರ, ತಮಿಳಿನಲ್ಲಿ ವಾಲ್. ಹಳಗನ್ನಡದ ಬಾಳ್, ಅಂದರೆ ಕತ್ತಿ: ಳಕಾರ, ತಮಿಳಿನಲ್ಲಿ ವಾಳ್. ಬಾೞ್, ಅಂದರೆ ಬದುಕು: ಹಳಗನ್ನಡದಲ್ಲಿದ್ದ ೞ ಎಂಬ ಅಕ್ಷರ, ತಮಿಳಿನಲ್ಲಿ ವಾೞ್. ೞಕಾರ ಬಿದ್ದುಹೋದ ಮೇಲೆ ಕೊನೆಯ ಎರಡೂ ‘ಬಾಳು’ ಎಂಬ ಒಂದೇ ರೂಪಕ್ಕೆ ಬಂದವು. ಬದುಕಿನ ಬಾಳು ಉಳಿಯಿತು, ಕತ್ತಿಯ ಬಾಳು ಮಾತಿನಿಂದ ಜಾರಿತು. ಲ–ಳ ಭೇದ ಸಡಿಲವಾಗಿರುವ ಬಾಯಿಗಳಲ್ಲಿ ‘ತುಂಬುಬಾಲ’ ಸುಲಭವಾಗಿ ‘ತುಂಬುಬಾಳು’ ಆಗುತ್ತದೆ. ಚಾಕುವಿನ ಫಲಕಕ್ಕೆ ಅದು ಬೇಡ.

‘ಪುಚ್ಛ’ ಪತ್ರಿಕೆಯವರ ಧೂಮಕೇತುವಿಗೆ ಬಿಟ್ಟದ್ದು. ಅಂಗಡಿಯಲ್ಲಿ ಯಾರಿಗೂ ತಿಳಿಯದು.

ಎರವಲಿನ ಬಗ್ಗೆಯೂ ಒಂದು ಮಾತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಜಾರ್ಜ್ ಪಿಯರ್ಸನ್ ಭಾರತದ ಉಕ್ಕಿನ ಪರೀಕ್ಷೆಗಳನ್ನು ಪ್ರಕಟಿಸಿದಾಗ ಬಳಸಿದ್ದು ‘ವೂಟ್ಜ್’ ಎಂಬ ಹೆಸರನ್ನು. ಅದು ನಮ್ಮ ‘ಉಕ್ಕು’ವಿನ ಕೆಟ್ಟ ರೂಪ ಎಂಬುದು ಹೆಚ್ಚಿನ ನಿಘಂಟುಗಳ ಮತ. ಪದಗಳು ಸಂತೆಯ ಜೊತೆ ಓಡಾಡುತ್ತವೆ. ಚಾಕು ಬಂದದ್ದೂ ಹಾಗೆಯೇ.

ನಾ.ಕ., ಧಾರವಾಡ:

ಹಾಗೆಯೇ ಅಲ್ಲ. ಉಕ್ಕು ಹೋದದ್ದು ಸರಕಿನ ಜೊತೆ; ಆ ಸರಕು ಅಲ್ಲಿರಲಿಲ್ಲ. ಚಾಕು ಬಂದಾಗ ಕೊಯ್ಯುವ ಸಾಧನವೂ ಇತ್ತು, ಅದಕ್ಕೆ ಹೆಸರೂ ಇತ್ತು. ಬೇಕಿದ್ದ ಎರವಲು, ಬೇಡದ ಎರವಲು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಗ.ಪೂ., ಮಡಿಕೇರಿ:

ಮಡಚುವಂಥದ್ದಕ್ಕೆ ‘ಮಡಚುವ ಕತ್ತಿ’ ಅಂತ ಯಾರಾದರೂ ಅಂದದ್ದು ಉಂಟೇ? ಮಡಚುವ ಚಾಕು ಅಂತಲೇ ಎಲ್ಲರೂ ಅನ್ನುತ್ತಾರೆ. ಪಾರಸಿಯಲ್ಲೂ ಚಾಕು ಹೆಚ್ಚಾಗಿ ಜೇಬಿನದು, ದೊಡ್ಡದಕ್ಕೆ ಕಾರ್ದ್ ಬೇರೆ ಇದೆ. ಕತ್ತಿ ಎತ್ತಲಾಗದ ಅರ್ಥವನ್ನು ಚಾಕು ಎತ್ತಿದೆ. ಅದು ಬೇಡದ ಎರವಲು ಹೇಗಾಗುತ್ತದೆ?

ಸು.ಹೆ., ಶಿವಮೊಗ್ಗ:

ದಯವಿಟ್ಟು ವಿಷಯಕ್ಕೆ ಬನ್ನಿ. ‘ಚಾಕು’ ಉಳಿಸಿಕೊಂಡೆ. ಫುಲ್ ಟ್ಯಾಂಗಿಗೆ ‘ಹಿಡಿಯ ತುದಿವರೆಗೂ ಒಂದೇ ಉಕ್ಕು’ ಎಂದರೆ ಹೇಗೆ? ಬೆವೆಲ್ ಹಾಗೇ ಬಿದ್ದಿದೆ. ಮೂಲದಲ್ಲಿ ‘ಆತ್ಮರಕ್ಷಣೆಗೆ’, ‘ಸಂಗ್ರಹಕ್ಕೆ’ ಎಂಬ ಎರಡು ತಲೆಬರಹಗಳೂ ಇವೆ. ‘ಸ್ವರಕ್ಷಣೆ’ ಮೇಲೋ, ‘ಆತ್ಮರಕ್ಷಣೆ’ಯೋ?

ಗ.ಪೂ., ಮಡಿಕೇರಿ:

‘ತುದಿವರೆಗೂ’ ಸಾಲದು. ಬಾಲದ ಬಗೆಯಲ್ಲೂ ಹಿಡಿಯ ಪೂರ್ತಿ ಉದ್ದಕ್ಕೆ ಹೋಗಿ ಹಿಂದೆ ನಟ್ಟಿನಿಂದ ಬಿಗಿಯುವುದು ಉಂಟು. ಉದ್ದ ಸರಿ, ಅಗಲ ಇಲ್ಲ. ಬೇಕಾದ್ದು ಎರಡೂ. ‘ಹಿಡಿಯುದ್ದಗಲಕ್ಕೂ ಒಂದೇ ಉಕ್ಕು’ ಎಂದು ಹಾಕಿ. ಹನ್ನೊಂದು ಅಕ್ಷರ, ಫಲಕಕ್ಕೆ ಕೂರುತ್ತದೆ. ಕೋಷ್ಟಕಕ್ಕೆ ನಾಮಪದ ಬೇಕಾದರೆ ಟ್ಯಾಂಗಿಗೆ ‘ಹಿಡಿಯುಕ್ಕು’, ಅದರಲ್ಲಿ ‘ತುಂಬು ಹಿಡಿಯುಕ್ಕು’, ‘ಬಾಲದ ಹಿಡಿಯುಕ್ಕು’ ಎಂದು ಎರಡು ಬಗೆ.

ಬೆವೆಲ್ಲಿಗೆ ‘ಓರೆ’. ‘ಬಾಯಿಯ ಓರೆ’ ಎಂದರೆ ಸಾಣೆ ಹಿಡಿಯುವವರಿಗೂ ತಿಳಿಯುತ್ತದೆ. ಡಿಗ್ರಿ ಬರೆದು ಬಿಟ್ಟರೆ ಪ್ರಯೋಜನವಿಲ್ಲ, ಅಳತೆ ಕೊಡಿ: ಬದಿಗೆ 20 ಡಿಗ್ರಿ ಅಂದರೆ, ಅಲಗು 25 ಮಿ.ಮೀ. ಅಗಲವಿದ್ದಾಗ ಬೆನ್ನನ್ನು ಕಲ್ಲಿನಿಂದ ಸುಮಾರು 8.5 ಮಿ.ಮೀ. ಎತ್ತಿ ಹಿಡಿಯಬೇಕು. ಒಂದು ಬದಿಯನ್ನು ತೇಯುತ್ತಿದ್ದಾಗ ಎದುರು ಬದಿಯ ಬಾಯಿಯುದ್ದಕ್ಕೂ ಉಗುರಿಗೆ ತಡೆಯುವ ಸಣ್ಣ ಅಂಚು ಏಳಬೇಕು. ಅದು ಎದ್ದ ಮೇಲೆ ಮಗ್ಗುಲು ಬದಲಿಸಿ. ಮೊದಲು 400 ಗ್ರಿಟ್ಟಿನ (ಅಂಕ ಹೆಚ್ಚಿದಷ್ಟೂ ಕಲ್ಲು ನುಣುಪು) ಕಲ್ಲು, ಆಮೇಲೆ 1000ದ್ದು, ಕೊನೆಗೆ ಚರ್ಮದ ಮೇಲೆ ಹಿಮ್ಮುಖವಾಗಿ ಎಳೆದು ಆ ಅಂಚನ್ನು ಕಳೆಯುವುದು. ಸುಮಾರು 15 ಡಿಗ್ರಿಗೆ ಇಳಿಸಿದರೆ ತರಕಾರಿಗೆ ಚೆನ್ನ. ಅದೇ ಬಾಯಿಯಿಂದ ಒಣಬಿದಿರು ಕಡಿದರೆ ಚಕ್ಕೆ ಏಳುತ್ತದೆ, ಇಲ್ಲವೆ ಬಾಯಿ ಮಗ್ಗುಲಾಗುತ್ತದೆ. ಯಾವುದಾಗುತ್ತದೆ ಎಂಬುದು ಉಕ್ಕನ್ನು ಕಾಯಿಸಿ ತಣಿಸಿ ತಂದ ಹದದ ಮೇಲೆ: ಹದ ಗಡುಸಾದರೆ ಚಕ್ಕೆ, ಮೆದುವಾದರೆ ಮಡಿಕೆ. 1095 ಎಂಬ ಅಂಕದ ಬಗೆಯಂಥ ಕಾರ್ಬನ್ ಉಕ್ಕಿಗೆ, ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 56ರಿಂದ 58 ಕಾಡಿಗೆ ಸರಿ.

ಗ್ರೈಂಡರ್ ಚಕ್ರಕ್ಕೆ ಕೊಡಬಾರದೆಂದು ದಪ್ಪ ಅಕ್ಷರದಲ್ಲಿ ಹಾಕಿ. ಬಾಯಿಯಂಚು ಕಾದು ನೀಲಿಯಾಯಿತೆಂದರೆ ಕಾರ್ಬನ್ ಉಕ್ಕು ಅಲ್ಲಿ 300 ಡಿಗ್ರಿಯ ಆಸುಪಾಸು ಮುಟ್ಟಿದೆ, ಹದ ಹೋಗಿದೆ. ಆ ನೀಲಿಯನ್ನು ಉಜ್ಜಿ ಮರೆಮಾಡಬಹುದು, ಹದ ಮರಳದು. ಅಷ್ಟು ಉಕ್ಕನ್ನು ತೇಯ್ದು ತೆಗೆಯಬೇಕು, ಇಲ್ಲವೆ ಕುಲುಮೆಗೆ ಹಾಕಿ ಹೊಸದಾಗಿ ಹದ ಮಾಡಬೇಕು.

‘ಆತ್ಮರಕ್ಷಣೆ’ ತಲೆಬರಹವನ್ನು ತೆಗೆದುಬಿಡಿ. ಇದು ಪದದ ಪ್ರಶ್ನೆಯಲ್ಲ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು ಬರುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಕೆಲಸಕ್ಕೆಂದು ಮಾಡಿದವು ಮಾತ್ರ ಹೊರಗೆ. ಕೆಲಸದ ಸಾಮಾನಿಗೆ ನೀವೇ ‘ಆತ್ಮರಕ್ಷಣೆಗೆ’ ಎಂದು ಚೀಟಿ ಅಂಟಿಸಿದರೆ ಅದನ್ನು ಆಯುಧವೆಂದು ನೀವೇ ಹೇಳಿದ ಹಾಗಾಯಿತು. ಕೈಚಾಕು ರಕ್ಷಣೆಗೆ ಒದಗುವ ಸಾಧನವೂ ಅಲ್ಲ. ಎದುರಿನವನು ಕೈಗೆಟುಕುವಷ್ಟು ಹತ್ತಿರ ಬಂದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಅಷ್ಟು ಹತ್ತಿರದಲ್ಲಿ ಇಬ್ಬರಿಗೂ ಗಾಯ. ಹೊಸಬನ ಕೈ ಬೆವರಿನಲ್ಲಿ ಜಾರಿ ತನ್ನ ಬೆರಳನ್ನೇ ಕೊಯ್ದುಕೊಳ್ಳುತ್ತದೆ. ಹಿಡಿ ಮತ್ತು ಅಲಗಿನ ನಡುವೆ ತಡೆ ಇಲ್ಲದ ಚಾಕುವಿನಲ್ಲಂತೂ ಖಂಡಿತ.

‘ಸಂಗ್ರಹಕ್ಕೆ’ ಇರಲಿ. ಅದರ ಕೆಳಗೆ ಡಮಾಸ್ಕಸ್, ಅಂದರೆ ಮೈಮೇಲೆ ಅಲೆಯಂಥ ವಿನ್ಯಾಸವಿರುವ ಉಕ್ಕಿನ ಬಗ್ಗೆ ಎಚ್ಚರಿಕೆ ಬೇಕೇ ಬೇಕು. ಈಗ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ವಿನ್ಯಾಸ ಎಬ್ಬಿಸಿದ್ದು. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಹಳೆಯ ಮೂಸೆಯುಕ್ಕು ಬೇರೆ. ಅದರ ಅಲೆಗಳು ಉಕ್ಕಿನೊಳಗೇ ಹುಟ್ಟುತ್ತವೆ. ಇನ್ನು ಮೂರನೆಯದು ಶುದ್ಧ ಮೋಸ: ಸಾದಾ ಉಕ್ಕಿನ ಮೇಲೆ ಕೊರೆದ ಚಿತ್ತಾರ. ಹಿಡಿಯ ಹತ್ತಿರ ಕಾಣದ ಜಾಗದಲ್ಲಿ ಸಣ್ಣ ಮರಳುಕಾಗದದಿಂದ ಉಜ್ಜಿ, ಒಂದು ತೊಟ್ಟು ಫೆರಿಕ್ ಕ್ಲೋರೈಡ್ ಹಾಕಿ ನೋಡಿ. ಪದರದ್ದಾದರೆ ಗೆರೆ ಮತ್ತೆ ಮೂಡುತ್ತದೆ. ಕೊರೆದದ್ದಾದರೆ ಬರಿ ಬೂದುಬಣ್ಣ.

ವೇ.ಶ., ಉಡುಪಿ:

‘ಹಿಡಿಯುದ್ದಗಲಕ್ಕೂ ಒಂದೇ ಉಕ್ಕು’ ವಾಕ್ಯ, ಪದವಲ್ಲ. ಹೀಗೆ ವರ್ಣನೆಗಳನ್ನೇ ಬರೆಯುತ್ತ ಹೋದರೆ ಕನ್ನಡದಲ್ಲಿ ಪರಿಭಾಷೆ ಬೆಳೆಯುವುದು ಯಾವಾಗ?

ಲ.ಮೂ., ಬೆಂಗಳೂರು:

ಫಲಕ ಪರಿಭಾಷೆ ಬೆಳೆಸುವ ಜಾಗವಲ್ಲ. ಕೊಳ್ಳುವವನಿಗೆ ಅಲ್ಲಿ ನಿಂತಲ್ಲೇ ತಿಳಿಯಬೇಕು. ಕೋಷ್ಟಕಕ್ಕೆ ‘ಹಿಡಿಯುಕ್ಕು’ ಸಿಕ್ಕಿದೆಯಲ್ಲ, ಅದಕ್ಕಿಂತ ಒಳ್ಳೆಯ ಪರಿಭಾಷೆ ಏನು ಬೇಕು?

ಸರ್ವೈವಲ್ಲಿಗೆ ‘ಆಪತ್ಕಾಲದ ಚಾಕು’ ಸಾಕು. ‘ಮಲಗುವ ಕೋಣೆ’ಯಲ್ಲೂ ಅಕರ್ಮಕವೇ ಇದೆ, ಆದರೆ ಕೋಣೆ ಮಲಗುವುದಿಲ್ಲವಾದ್ದರಿಂದ ಗೊಂದಲವಿಲ್ಲ. ಚಾಕು ಬಾಳಿಕೆ ಬರುವ ವಸ್ತು, ಅದಕ್ಕೆ ‘ಉಳಿಯುವ’ ಸೇರಿದರೆ ಅರ್ಥ ಕೆಡುತ್ತದೆ. ಅಷ್ಟರಮಟ್ಟಿಗೆ ನಾ.ಕ. ಸರಿ. ‘ಅಡವಿಗತ್ತಿ’ಯಲ್ಲಿ ಸಂಧಿ ಸರಿ, ವಸ್ತು ತಪ್ಪು.

ನಾ.ಕ., ಧಾರವಾಡ:

ಆಪತ್ಕಾಲಕ್ಕಿಂತ ‘ಕಷ್ಟಕಾಲ’ ಜನರಿಗೆ ಹತ್ತಿರ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಸು.ಹೆ., ಶಿವಮೊಗ್ಗ:

ಅಂತಿಮ ಪ್ರತಿ ಹೀಗಿದೆ. ಫಲಕ: ‘ಆಪತ್ಕಾಲದ ಚಾಕು’, ಕೆಳಗೆ ‘ಹಿಡಿಯುದ್ದಗಲಕ್ಕೂ ಒಂದೇ ಉಕ್ಕು’. ಆತ್ಮರಕ್ಷಣೆ ಭಾಗ ತೆಗೆದಿದ್ದೇನೆ. ಕರಪತ್ರದ ಕೊನೆಯ ಸಾಲು: ‘ಬಳಸಿದ ಮೇಲೆ ಬಾಯಿಯ ಓರೆಯನ್ನು ಒರೆಸಿ, ಎಣ್ಣೆ ಹಚ್ಚಿ, ಚರ್ಮದ ಒರೆಯಲ್ಲಿ ಇಡಿ.’

ಗ.ಪೂ., ಮಡಿಕೇರಿ:

ಆ ಸಾಲು ಬದಲಿಸಿ. ಓರೆ, ಒರೆಸಿ, ಒರೆ ಮೂರೂ ಒಂದೇ ಸಾಲಿನಲ್ಲಿದ್ದರೆ ಅಚ್ಚಿನವರು ಒಂದು ದೀರ್ಘವನ್ನಾದರೂ ತಪ್ಪಿಸುತ್ತಾರೆ. ಸಲಹೆಯೂ ಸರಿಯಿಲ್ಲ. ಚರ್ಮ ಹದಮಾಡಿದ ಒಗರು ಮಳೆಗಾಲದ ತೇವ ಹೀರಿ ಉಕ್ಕಿಗೆ ತುಕ್ಕು ತರಿಸುತ್ತದೆ, ಹಿತ್ತಾಳೆ ರಿವೆಟ್ಟಿಗೆ ಹಸಿರು ಕಿಲುಬು. ಒರೆ ಹೊತ್ತು ನಡೆಯುವುದಕ್ಕೆ ಮಾತ್ರ. ಹೀಗೆ ಹಾಕಿ: ‘ಬಳಸಿದ ಮೇಲೆ ಅಲಗನ್ನು ಒಣಬಟ್ಟೆಯಿಂದ ಉಜ್ಜಿ, ತೆಳುವಾಗಿ ಮಿಷಿನ್ ಎಣ್ಣೆ ಸವರಿ. ಮನೆಯಲ್ಲಿ ಚರ್ಮದ ಚೀಲದಿಂದ ಹೊರತೆಗೆದು, ಮಕ್ಕಳ ಕೈಗೆ ಸಿಗದ ಒಣಜಾಗದಲ್ಲಿ ಇಡಿ.’ ಅಗಸೆ ಎಣ್ಣೆ ಮರದ ಹಿಡಿಗೆ ಮಾತ್ರ. ಅದನ್ನು ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಬೇಕು. ಜಾಗ ಉಳಿದಿದ್ದರೆ ಇದನ್ನೂ ಸೇರಿಸಿ.