ಫ್ಯೂ, ಎ ಫ್ಯೂ, ಕ್ವೈಟ್ ಎ ಫ್ಯೂ: ‘ಸುಮಾರು’ ಸರಿಹೋಗುತ್ತದೆಯೇ?

ಸ್ನೇಹಿತರೇ,

ಆಗುಂಬೆ ಹತ್ತಿರ ನಮ್ಮ ಭಾವನ ಹೋಮ್‌ಸ್ಟೇ ಇದೆ. ಬರುವವರಿಗೆ ಇಂಗ್ಲಿಷ್‌ನಲ್ಲಿ ಉತ್ತರ ಬರೆಯುವ ಕೆಲಸ ನನ್ನದು. ಮಳೆಗಾಲದಲ್ಲಿ ಒಬ್ಬರು ‘ಕಾಡಿನ ದಾರಿಯಲ್ಲಿ ಉಂಬಳ (ಜಿಗಣೆ) ಇದೆಯಾ?’ ಅಂತ ಕೇಳಿದ್ದರು. ‘ಒಂದಿಷ್ಟು ಇವೆ, ಹುಷಾರು’ ಅನ್ನುವ ಅರ್ಥದಲ್ಲಿ ನಾನು ‘ದೇರ್ ಆರ್ ಫ್ಯೂ ಲೀಚಸ್’ ಎಂದು ಬರೆದೆ. ಅವರು ಚಪ್ಪಲಿಯಲ್ಲೇ ಬಂದರು. ಸಂಜೆ ಭಾವ ಅವರ ಕಾಲಿಗೆ ಉಪ್ಪು ಹಚ್ಚುತ್ತಾ ಕೂತಿದ್ದರು. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಲ್ಲಿ ಉಂಬಳ ಇಲ್ಲವೆನ್ನುವಷ್ಟು ಕಡಿಮೆ ಎಂದು ನಾನೇ ಬರೆದುಕೊಟ್ಟ ಹಾಗಾಗಿತ್ತು!

ಬಿಟ್ಟುಹೋಗಿದ್ದು ಒಂದಕ್ಷರದ ‘ಎ’. ‘ಎ ಫ್ಯೂ’ ಅಂದರೆ ಕೆಲವು ಇವೆ. ಬರೀ ‘ಫ್ಯೂ’ ಅಂದರೆ ಹೆಚ್ಚುಕಮ್ಮಿ ಇಲ್ಲವೆಂದೇ ತಿಳಿಯಬೇಕು. ಎಣಿಸಲಾಗದ ಹಾಲು, ಉಪ್ಪು, ಸಮಯಕ್ಕೆ ‘ಎ ಲಿಟ್ಲ್’, ‘ಲಿಟ್ಲ್’ ಬರುತ್ತವೆ. ವ್ಯತ್ಯಾಸ ಅದೇ. ರಜೆ ಅರ್ಜಿಯಲ್ಲಿ ನಾವೆಲ್ಲ ‘ಫ್ಯೂ ಡೇಸ್ ಲೀವ್’ ಅಂತ ಬರೆದವರೇ, ಅಲ್ವಾ? ಅಲ್ಲೂ ‘ಎ’ ಬೇಕು.

ಮಜಾ ಏನೆಂದರೆ, ಕನ್ನಡ ಇದನ್ನೇ ತಿರುಗಾಮುರುಗಾ ಮಾಡುತ್ತದೆ. ‘ಡಬ್ಬಿಯಲ್ಲಿ ಸ್ವಲ್ಪ ಬೆಲ್ಲ ಇದೆ’ ಅಂದರೆ ಕಾಫಿಗೆ ತೊಂದರೆಯಿಲ್ಲ. ‘ಸ್ವಲ್ಪವೇ ಇದೆ’ ಅಂದರೆ ಯಾರೋ ಅಂಗಡಿಗೆ ಹೊರಡಬೇಕು. ಇಂಗ್ಲಿಷ್ ‘ಎ’ ಕಿತ್ತು ಕೊರತೆ ಹೇಳುತ್ತದೆ, ನಾವು ‘ಏ’ ಸೇರಿಸಿ ಹೇಳುತ್ತೇವೆ. ಇನ್ನು ‘ದ ಲಿಟ್ಲ್’ ಅಂದರೆ ತಳ ಕೆರೆದು ಹಾಕಿದ, ಇದ್ದ ಚೂರುಪಾರು ಬೆಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ‘ಕ್ವೈಟ್ ಎ ಫ್ಯೂ’ ಅಂದರೆ ಸ್ವಲ್ಪವಲ್ಲ, ಸಾಕಷ್ಟು. ನಮ್ಮ ಕಡೆ ಮಾತಿನಲ್ಲಿ ‘ಸುಮಾರು ಉಂಬಳ ಇದಾವೆ’ ಅಂದರೆ ಸರಿಯಾಗಿ ಅದೇ ಅರ್ಥ. ಆದರೆ ಬರಹದಲ್ಲಿ ‘ಸುಮಾರು’ ಕಂಡರೆ ಓದುವವರು ಮುಂದೆ ಅಂಕಿ ಹುಡುಕುತ್ತಾರೆ: ಸುಮಾರು 20, ಸುಮಾರು 30. ‘ಊಟ ಸುಮಾರಾಗಿತ್ತು’ ಅನ್ನುವುದು ಇನ್ನೊಂದೇ ಕಥೆ, ಅದನ್ನು ಭಾವನ ಮುಂದೆ ಹೇಳಬೇಡಿ.

‘ಕಾಡಿನ ದಾರಿಯಲ್ಲಿ ಸುಮಾರು ಉಂಬಳಗಳಿವೆ’ ಎಂದು ಬೋರ್ಡಿನಲ್ಲಿ ಬರೆಸಿದರೆ ಶಿವಮೊಗ್ಗದಾಚೆಯವರಿಗೂ ಅರ್ಥ ಆಗುತ್ತದಾ? ಅಥವಾ ಸುಮ್ನೆ ‘ಸಾಕಷ್ಟು’ ಅಂತಲೇ ಇಡಲಾ? ಬೋರ್ಡ್ ಬರೆಯುವವನು ಸೋಮವಾರ ಬರುತ್ತಾನೆ.