ಗೂಗಲ್ ಲಾಗಿನ್: ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಸರ್ವರ್‌ಗೆ ಹಾಕಿದರೆ ಒಳಗೇ ಬಿಡುತ್ತಿಲ್ಲ

ಡೊಂಬಿವಲಿ_ಪೂರ್ವ:
ಮೂರು ರಾತ್ರಿ ಕೂತಿದ್ದೇನೆ, ಇನ್ನು ತಲೆ ಓಡುತ್ತಿಲ್ಲ. ನಮ್ಮ ಕನ್ನಡ ಸಂಘದ ವಾಚನಾಲಯಕ್ಕೆ ಒಂದು ವೆಬ್ ಆಪ್ ಮಾಡಿದ್ದೇನೆ. ಯಾವ ಪುಸ್ತಕ ಯಾರ ಹತ್ತಿರ ಇದೆ, ಯಾವಾಗ ವಾಪಸ್ ಬರಬೇಕು, ಅಷ್ಟೇ. ಸದಸ್ಯರಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು, ಪಾಸ್‌ವರ್ಡ್ ಮರೆತು ನನಗೇ ಫೋನ್ ಮಾಡುತ್ತಾರೆ, ಅದೂ ನಾನು ಲೋಕಲ್‌ನಲ್ಲಿ ಒಂದು ಕೈಯಲ್ಲಿ ನೇತಾಡುತ್ತಿರುವಾಗ. ಅದಕ್ಕೇ ಗೂಗಲ್ ಲಾಗಿನ್ ಹಾಕೋಣ ಅಂದುಕೊಂಡೆ. ಆಪ್ ಓಡುವುದು ನೋಡ್ ಜೆಎಸ್ ಮೇಲೆ, ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್, ಲಾಗಿನ್‌ಗೆ ಪಾಸ್‌ಪೋರ್ಟ್ ಲೈಬ್ರರಿ, ಬ್ರೌಸರ್‌ನಿಂದ ಬಂದದ್ದನ್ನು ಒಳಗೆ ದಾಟಿಸಲು ಮುಂದೆ ಎಂಜಿನ್‌ಎಕ್ಸ್. ಲ್ಯಾಪ್‌ಟಾಪ್‌ನಲ್ಲಿ ಒಂದು ಸಲವೂ ತಪ್ಪಿಲ್ಲ. ಸರ್ವರ್‌ನಲ್ಲಿ ಗೂಗಲ್ ಖಾತೆ ಆರಿಸುವ ಪುಟ ಬರುತ್ತೆ, ಆರಿಸುತ್ತೇನೆ, ತಿರುಗಿ ನಮ್ಮ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತೆ. ಭಾನುವಾರ ಸಮಿತಿಯವರಿಗೆ ತೋರಿಸಬೇಕು. ದಯವಿಟ್ಟು ಯಾರಾದರೂ ಹೇಳಿ.

ಮಾಟುಂಗಾ_ಮಾಣಿ:
ರೀಡೈರೆಕ್ಟ್ ಯುಆರ್‌ಐ, ಅಂದರೆ ಲಾಗಿನ್ ಆದ ಮೇಲೆ ಗೂಗಲ್ ವಾಪಸ್ ಕಳಿಸುವ ವಿಳಾಸ, ಅದನ್ನು ನೋಡಿ ಮಾರಾಯ್ರೆ. ನಾನು ಕಂಡದ್ದರಲ್ಲಿ ಮುಕ್ಕಾಲು ಪಾಲು ಅದೇ. ಆಪ್ ನೋಂದಾಯಿಸುವ ಗೂಗಲ್ ಕನ್ಸೋಲ್‌ನಲ್ಲಿ ಬರೆದದ್ದು, ನಿಮ್ಮ ಕೋಡ್ ಕಳಿಸುವುದು, ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಎಚ್‌ಟಿಟಿಪಿ ಬೇರೆ, ಎಚ್‌ಟಿಟಿಪಿಎಸ್ ಬೇರೆ. ಕೊನೆಗೆ ಒಂದು ಸ್ಲ್ಯಾಶ್ ಜಾಸ್ತಿ ಇದ್ದರೂ ಆಗುವುದಿಲ್ಲ.

ಡೊಂಬಿವಲಿ_ಪೂರ್ವ:
ನೋಡಿದೆ. ಎರಡೂ ಒಂದೇ. ಸ್ಲ್ಯಾಶ್ ಇಲ್ಲ.

ಮಾಟುಂಗಾ_ಮಾಣಿ:
ಇನ್ನೊಮ್ಮೆ ನೋಡಿ. ಕಾಪಿ ಮಾಡುವಾಗ ಕೊನೆಗೆ ಖಾಲಿ ಜಾಗ ಸೇರಿಕೊಳ್ಳುತ್ತದೆ. ಕನ್ಸೋಲ್‌ನಲ್ಲಿ ಬದಲಿಸಿದ್ದು ಕೂಡಲೇ ಬರುವುದೂ ಇಲ್ಲ. ಐದು ನಿಮಿಷದಿಂದ ಕೆಲವು ಗಂಟೆ ಬೇಕಾಗಬಹುದು ಎಂದು ಗೂಗಲ್‌ನವರೇ ಅಲ್ಲಿ ಬರೆದಿದ್ದಾರೆ. ಅಳಿಸಿ, ಕೈಯಾರೆ ಟೈಪ್ ಮಾಡಿ, ಊಟ ಮಾಡಿ ಬನ್ನಿ.

ಹಡಪ್ಸರ್_ಹುಡುಗ:
ಮಾಣಿ ಅಣ್ಣಾ, ಅದು ಇರಲಿಕ್ಕಿಲ್ಲ. ಯುಆರ್‌ಐ ತಪ್ಪಿದ್ದರೆ ಗೂಗಲ್ ತನ್ನ ಪುಟದಲ್ಲೇ 400 ಎಂದು ತೋರಿಸಿ ನಿಲ್ಲಿಸುತ್ತದೆ, ಇವರ ಸೈಟಿಗೆ ವಾಪಸ್ ಕಳಿಸುವುದೇ ಇಲ್ಲ. ಇವರು ಹೋಗಿ ತಿರುಗಿ ಬಂದಿದ್ದಾರೆ. ಹಾಗಾಗಿ ಗೂಗಲ್ ಕಡೆ ಎಲ್ಲ ಸರಿ ಇದೆ, ಕೆಟ್ಟಿರುವುದು ವಾಪಸ್ ಬಂದ ಮೇಲೆ.
ಡೊಂಬಿವಲಿ ಸರ್, ಸೆಷನ್ ಕುಕಿಗೆ (ಬಂದವರು ಯಾರೆಂದು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಗುರುತು) ಸೆಕ್ಯೂರ್, ಅಂದರೆ ಎಚ್‌ಟಿಟಿಪಿಎಸ್ ಮೇಲೆ ಮಾತ್ರ, ಎಂದು ಹಾಕಿದ್ದೀರಾ? ಎಂಜಿನ್‌ಎಕ್ಸ್ ಹೊರಗಡೆ ಎಚ್‌ಟಿಟಿಪಿಎಸ್ ಮಾತಾಡುತ್ತದೆ, ಒಳಗೆ ನೋಡ್ ಜೊತೆ ಬರೀ ಎಚ್‌ಟಿಟಿಪಿ. ಎಕ್ಸ್‌ಪ್ರೆಸ್‌ಗೆ 'ಟ್ರಸ್ಟ್ ಪ್ರಾಕ್ಸಿ', ಅಂದರೆ ಮುಂದಿರುವ ಎಂಜಿನ್‌ಎಕ್ಸ್ ಮಾತು ನಂಬು ಎಂದು ಹೇಳದಿದ್ದರೆ, ಹೊರಗೆ ಎಚ್‌ಟಿಟಿಪಿಎಸ್ ಇದೆ ಎಂದು ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್ ಎಂಜಿನ್‌ಎಕ್ಸ್‌ನಿಂದ ಬರದಿದ್ದರೆ, ಅದು ಕುಕಿಯನ್ನೇ ಕೊಡುವುದಿಲ್ಲ. ಹಾಗೇ ಕುಕಿಯ ಸೇಮ್‌ಸೈಟ್ ಸೆಟ್ಟಿಂಗ್ ಏನಿದೆ ನೋಡ್ರಿ, ಬೇರೆ ಸೈಟಿನಿಂದ ಬಂದಾಗ ಕುಕಿ ಕಳಿಸಬೇಕೋ ಬೇಡವೋ ಎಂದು ಹೇಳುವುದು ಅದು. ಸ್ಟ್ರಿಕ್ಟ್ ಇದ್ದರೆ ಗೂಗಲ್‌ನಿಂದ ವಾಪಸ್ ಬರುವಾಗ ಬ್ರೌಸರ್ ಆ ಕುಕಿ ಕಳಿಸುವುದಿಲ್ಲ. ಲ್ಯಾಕ್ಸ್ ಇರಬೇಕು.

ಡೊಂಬಿವಲಿ_ಪೂರ್ವ:
ಎರಡೂ ಮಾಡಿದ್ದೇನೆ. ಲ್ಯಾಕ್ಸ್ ಇದೆ. ಬ್ರೌಸರ್‌ನಲ್ಲಿ ಕುಕಿ ಕಾಣುತ್ತಿದೆ. ಲಾಗ್‌ನಲ್ಲಿ 'ಅನೇಬಲ್ ಟು ವೆರಿಫೈ ಆಥರೈಸೇಶನ್ ರಿಕ್ವೆಸ್ಟ್ ಸ್ಟೇಟ್' ಅಂತ ಬರುತ್ತೆ.

ಹಡಪ್ಸರ್_ಹುಡುಗ:
ಇದನ್ನು ಮೊದಲೇ ಹೇಳಬೇಕಿತ್ತು ಸರ್!

ಪೊವೈ_ಕೆರೆ:
ಸುಮ್ನೆ ಸ್ಟೇಟ್ ಆಫ್ ಮಾಡಿ, ಎರರ್ ಹೋಗುತ್ತೆ. ಭಾನುವಾರದ ತನಕ ಸಾಕಲ್ವಾ?

ವಾಸ್ಕೋ_ವಾಸಿ:
ದಯವಿಟ್ಟು ಹಾಗೆ ಮಾಡಬೇಡಿ. ಗೂಗಲ್‌ಗೆ ಕಳಿಸುವ ಮುಂಚೆ ನಿಮ್ಮ ಆಪ್ ಒಂದು ಗುಟ್ಟಿನ ಚೀಟಿ ಮಾಡಿ ಸೆಷನ್‌ನಲ್ಲಿ ಇಟ್ಟುಕೊಳ್ಳುತ್ತದೆ, ಅದರ ಪ್ರತಿಯನ್ನು ಗೂಗಲ್ ಕೈಗೂ ಕೊಡುತ್ತದೆ. ವಾಪಸ್ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಅದೇ ಸ್ಟೇಟ್. ಅದಿಲ್ಲದಿದ್ದರೆ ಯಾವನೋ ತನ್ನ ಖಾತೆಯ ಕಾಲ್‌ಬ್ಯಾಕ್ ಲಿಂಕನ್ನು, ಅಂದರೆ ಗೂಗಲ್ ವಾಪಸ್ ಕಳಿಸುವ ಲಿಂಕನ್ನು, ನಿಮ್ಮ ಸದಸ್ಯರೊಬ್ಬರಿಗೆ ಕಳಿಸಬಹುದು. ಅವರು ಒತ್ತಿದರೆ ಗೊತ್ತಿಲ್ಲದೇ ಅವನ ಖಾತೆಯೊಳಗೆ ಹೋಗಿರುತ್ತಾರೆ. ಆಮೇಲೆ ಅಲ್ಲಿ ಬರೆಯುವ ಫೋನ್ ನಂಬರ್, ವಿಳಾಸ ಎಲ್ಲ ಅವನಿಗೆ ಕಾಣುತ್ತದೆ. ಇಂಥ ಲಾಗಿನ್‌ಗೆ ಆಧಾರವಾದ ಓಆತ್ 2.0ರ ನಿಯಮಪತ್ರ, 2012ರಲ್ಲಿ ಬಂದ ಆರ್‌ಎಫ್‌ಸಿ 6749, ಅದರಲ್ಲೇ ಈ ಅಪಾಯದ ಮಾತು ಇದೆ.

ಪೊವೈ_ಕೆರೆ:
ಪುಸ್ತಕದ ಪಟ್ಟಿ ಅಷ್ಟೇ ಇರುವ ಆಪ್‌ಗೆ ಇಷ್ಟು ಭಯ ಯಾಕೆ? ನಾನು ಪರೀಕ್ಷೆಗೆ ಅಂತ ಹೇಳಿದ್ದು.

ವಾಸ್ಕೋ_ವಾಸಿ:
ಪರೀಕ್ಷೆಗೆ ಅಂತ ನೀವು ಬರೆದಿರಲಿಲ್ಲ. ಭಾನುವಾರದ ತನಕ ಅಂತ ಬರೆದಿದ್ದೀರಿ.

ಕೊಥ್ರೂಡ್_ಕಟ್ಟೆ:
ಲಾಗಿನ್ ಎಲ್ಲ ಆಪ್ ಒಳಗೇ ಇಟ್ಟರೆ ಇದೇ ಪಾಡು. ನಾನು ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಮೇಲೆ ಲಾಗಿನ್ ನೋಡಿಕೊಳ್ಳುವ ಕೀಕ್ಲೋಕ್ ಸಾಫ್ಟ್‌ವೇರ್ ಇಟ್ಟಿದ್ದೇನೆ, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಜೊತೆಗೆ ಯುಪಿಎಸ್. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೂ ಅದು ನಿಂತಿಲ್ಲ. ನನ್ನ ಆರು ಆಪ್‌ಗೂ ಲಾಗಿನ್ ಒಂದೇ ಕಡೆ. ಫೋಟೋ ಸರ್ವರ್, ಮನೆಯ ಕ್ಯಾಮೆರಾ, ಎಲ್ಲ ಅದರ ಹಿಂದೆ.

ಹಡಪ್ಸರ್_ಹುಡುಗ:
ಯುಪಿಎಸ್ ಯಾವುದು ಅಣ್ಣಾ? ನನ್ನ ರಾಸ್ಪ್‌ಬೆರಿ ಪೈ ಕರೆಂಟ್ ಹೋದಾಗೆಲ್ಲ ಎಸ್‌ಡಿ ಕಾರ್ಡ್ ಕೆಡಿಸಿಕೊಳ್ಳುತ್ತದೆ.

ಮಾಟುಂಗಾ_ಮಾಣಿ:
ನನಗೆ ಕೇಳಿದರೆ ಹಿರಿಯರಿಗೆ ಗೂಗಲ್ ಯಾಕೆ, ಫೋನ್ ಒಟಿಪಿ ಕೊಡಿ. ನಮ್ಮ ಮಾವನವರಿಗೆ ಅದೊಂದು ಮಾತ್ರ ಬರುವುದು.

ಪೊವೈ_ಕೆರೆ:
ಎಸ್‌ಎಂಎಸ್ ಕಳಿಸಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆಯ ಹೆಸರು, ಹೆಡರ್ (ಕಳಿಸಿದವರು ಎಂದು ಕಾಣುವ ಹೆಸರು), ಒಕ್ಕಣೆ ಎಲ್ಲ ನೋಂದಾಯಿಸಬೇಕು. ಒಂದು ಸಣ್ಣ ಸಂಘಕ್ಕೆ ಅದು ದೊಡ್ಡ ಓಡಾಟ. ಗೂಗಲ್ ಲಾಗಿನ್‌ಗೆ ಆ ಖರ್ಚೂ ಇಲ್ಲ, ಓಡಾಟವೂ ಇಲ್ಲ.

ಡೊಂಬಿವಲಿ_ಪೂರ್ವ:
ನನ್ನ ಪ್ರಶ್ನೆ ಎಲ್ಲಿ ಹೋಯ್ತು? ಯುಪಿಎಸ್ ಬಗ್ಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು. ಪೊವೈಯವರು ಹೇಳಿದ ಹಾಗೆ ಹತ್ತು ನಿಮಿಷ ಸ್ಟೇಟ್ ಆಫ್ ಮಾಡಿ ನೋಡಿದೆ, ಈಗ ತಿರುಗಿ ಆನ್ ಮಾಡಿದ್ದೇನೆ. ಎರರ್ ಹೋಯ್ತು. ಆದರೆ ಒಳಗೆ ಹೋದ ಮೇಲೆ ಮೇಲ್ಗಡೆ ನನ್ನ ಹೆಸರು ಒಮ್ಮೆ ಬರುತ್ತೆ, ಪುಟ ರಿಫ್ರೆಶ್ ಮಾಡಿದರೆ ಹೋಗುತ್ತೆ, ಮೂರ‍್ನಾಲ್ಕು ಸಲ ರಿಫ್ರೆಶ್ ಮಾಡಿದರೆ ಮತ್ತೆ ಬರುತ್ತೆ. ಮೊದಲೂ ಹೀಗೇ, ನಾಲ್ಕೈದು ಸಲ ಪ್ರಯತ್ನಿಸಿದರೆ ಒಂದು ಸಲ ಲಾಗಿನ್ ಆಗಿಬಿಡುತ್ತಿತ್ತು.

ಮಾಟುಂಗಾ_ಮಾಣಿ:
ಹಾಗಾದರೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ವಿಳಾಸದಲ್ಲಿ ಶುರು ಮಾಡಿ, ಅದಿಲ್ಲದ ವಿಳಾಸಕ್ಕೆ ವಾಪಸ್ ಬರುತ್ತಿದ್ದೀರಿ. ಒಂದರ ಕುಕಿ ಇನ್ನೊಂದಕ್ಕೆ ಹೋಗುವುದಿಲ್ಲ. ರೀಡೈರೆಕ್ಟ್ ಯುಆರ್‌ಐ ಇನ್ನೊಮ್ಮೆ ನೋಡಿ.

ವಾಸ್ಕೋ_ವಾಸಿ:
ವಿಳಾಸ ಬದಲಾಗಿದ್ದರೆ ರಿಫ್ರೆಶ್ ಮಾಡಿದಾಗ ಹೆಸರು ಹೋಗಿ ಬರುತ್ತಿರಲಿಲ್ಲ. ಡೊಂಬಿವಲಿಯವರೇ, ಎರಡು ಪ್ರಶ್ನೆ, ಬೇರೆ ಏನೂ ಮುಟ್ಟದೆ ಉತ್ತರ ಕೊಡಿ. ಹೆಸರು ಇದ್ದಾಗ, ಹೋದಾಗ, ಸೆಷನ್ ಕುಕಿಯ ಉದ್ದನೆಯ ಸಾಲು ಅದೇ ಇರುತ್ತದಾ? ಮತ್ತೆ ಸರ್ವರ್ ಮೇಲೆ ನೋಡ್ ಅನ್ನು ಹೇಗೆ ಓಡಿಸುತ್ತಿದ್ದೀರಿ?

ಡೊಂಬಿವಲಿ_ಪೂರ್ವ:
ಕುಕಿ ಅದೇ ಇದೆ, ಒಂದು ಅಕ್ಷರವೂ ಬದಲಾಗಿಲ್ಲ. ಓಡಿಸುವುದು ಪಿಎಂ2 ಎಂಬ ಸಾಧನದ ಮೇಲೆ, ಎಲ್ಲರೂ ಓಡಿಸುವ ಹಾಗೆ. ನಾಲ್ಕು ಕೋರ್ ಇದೆ, ಕ್ಲಸ್ಟರ್ ಮೋಡ್, ಮ್ಯಾಕ್ಸ್, ಅಂದರೆ ಕೋರ್‌ಗೆ ಒಂದರಂತೆ ಆಪ್‌ನ ನಾಲ್ಕು ಪ್ರೊಸೆಸ್ ಓಡುತ್ತೆ.

ವಾಸ್ಕೋ_ವಾಸಿ:
ಸಿಕ್ಕಿತು. ಸೆಷನ್ ಎಲ್ಲಿ ಇಡುತ್ತೀರಿ? ಸ್ಟೋರ್ ಏನೂ ಹೇಳಿಲ್ಲದಿದ್ದರೆ ಅದು ಮೆಮೊರಿಸ್ಟೋರ್, ಆಯಾ ಪ್ರೊಸೆಸ್‌ನ ಮೆಮೊರಿ ಒಳಗೆ. ಕುಕಿ ಅದೇ ಇದ್ದು ಹೆಸರು ಮಾತ್ರ ಬಂದು ಹೋಗುತ್ತದೆ ಎಂದರೆ ಮರೆಯುತ್ತಿರುವುದು ಬ್ರೌಸರ್ ಅಲ್ಲ, ನಿಮ್ಮ ಸರ್ವರ್.
ನಿಮ್ಮ ವಾಚನಾಲಯವನ್ನೇ ನೆನೆಸಿಕೊಳ್ಳಿ. ನಾಲ್ಕು ಮೇಜು, ನಾಲ್ಕು ಜನ, ಪ್ರತಿಯೊಬ್ಬರ ಹತ್ತಿರ ಬೇರೆ ಬೇರೆ ರಿಜಿಸ್ಟರ್. ಮೊದಲ ಮೇಜಿನಲ್ಲಿ ನಿಮ್ಮ ಚೀಟಿ ಬರೆದುಕೊಂಡರು. ಗೂಗಲ್‌ಗೆ ಹೋಗಿ ಬಂದಾಗ ನಿಮ್ಮನ್ನು ಮೂರನೆಯ ಮೇಜಿಗೆ ಕಳಿಸಿದರು. ಆ ರಿಜಿಸ್ಟರ್‌ನಲ್ಲಿ ನಿಮ್ಮ ಚೀಟಿ ಇಲ್ಲ. ಅದಕ್ಕೇ 'ವೆರಿಫೈ' ಆಗುವುದಿಲ್ಲ. ನೋಡ್‌ನ ಕ್ಲಸ್ಟರ್ ಲಿನಕ್ಸ್ ಮೇಲೆ ಸಂಪರ್ಕಗಳನ್ನು ಸರದಿ ಪ್ರಕಾರ ಹಂಚುತ್ತದೆ. ಅದೃಷ್ಟಕ್ಕೆ ಅದೇ ಮೇಜು ಸಿಕ್ಕಾಗ ನಿಮಗೆ ಲಾಗಿನ್ ಆಗುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ಮೇಜು, ಅಲ್ಲಿ ತಪ್ಪುವುದೇ ಇಲ್ಲ.
ಶುರುವಾಗುವಾಗ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬಂದಿರಬೇಕು, ಮೆಮೊರಿಸ್ಟೋರ್ ಪ್ರೊಡಕ್ಷನ್‌ಗೆ ಅಲ್ಲ, ಒಂದು ಪ್ರೊಸೆಸ್ ದಾಟಿದರೆ ನಡೆಯುವುದಿಲ್ಲ ಅಂತ.

ಡೊಂಬಿವಲಿ_ಪೂರ್ವ:
ಬರುತ್ತಿತ್ತು! ಮೊದಲ ದಿನದಿಂದ ಬರುತ್ತಿತ್ತು, ಅದು ಎಲ್ಲರಿಗೂ ಬರುತ್ತೆ ಅಂದುಕೊಂಡು ಇಲ್ಲಿ ಹಾಕಿರಲಿಲ್ಲ.
ಈಗಷ್ಟೇ ಪ್ರೊಸೆಸ್ ಒಂದಕ್ಕೆ ಇಳಿಸಿದೆ. ಸ್ಟೇಟ್ ಆನ್ ಇದೆ. ಇಪ್ಪತ್ತು ಸಲ ಲಾಗಿನ್ ಮಾಡಿದೆ, ಇಪ್ಪತ್ತೂ ಸರಿ.

ಕೊಥ್ರೂಡ್_ಕಟ್ಟೆ:
ಹಾಗೇ ಬಿಡಬೇಡಿ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಎಲ್ಲರ ಲಾಗಿನ್ ಹೋಗುತ್ತದೆ. ಸೆಷನ್ ಇಡಲು ರೆಡಿಸ್ ಹಾಕಿ, ಅದು ಬೇರೆಯೇ ಓಡುವ ಡೇಟಾ ಸ್ಟೋರ್.

ಹಡಪ್ಸರ್_ಹುಡುಗ:
ಇಷ್ಟಕ್ಕೆ ರೆಡಿಸ್ ಯಾಕೆ? ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಲೇ ಇದ್ದರೆ ಅದರಲ್ಲೇ ಒಂದು ಟೇಬಲ್ ಸಾಕು.

ಕೊಥ್ರೂಡ್_ಕಟ್ಟೆ:
ರೆಡಿಸ್ ಹಾಕಲು ಎಷ್ಟು ಹೊತ್ತು? ಎರಡು ನಿಮಿಷ.

ಹಡಪ್ಸರ್_ಹುಡುಗ:
ಹಾಕಲು ಎರಡು ನಿಮಿಷ. ನೋಡಿಕೊಳ್ಳುವವರು ಇವರೊಬ್ಬರೇ, ಅದೂ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ.

ಡೊಂಬಿವಲಿ_ಪೂರ್ವ:
ಪೋಸ್ಟ್‌ಗ್ರೆಸ್ ಇದೆ, ಸೆಷನ್ ಅದರಲ್ಲೇ ಹಾಕಿದೆ. ತಿರುಗಿ ನಾಲ್ಕು ಪ್ರೊಸೆಸ್ ಮಾಡಿದೆ, ಈಗಲೂ ಸರಿ ಇದೆ. ವಾಸ್ಕೋ ಅವರೇ, ನಿಮ್ಮ ಉಪಕಾರ ಮರೆಯುವುದಿಲ್ಲ.
ಇನ್ನೂ ಎರಡು ವಿಷಯ. ಒಬ್ಬ ಸದಸ್ಯರು ಸಂಘದ ಫೇಸ್‌ಬುಕ್ ಪುಟದ ಲಿಂಕ್ ಒತ್ತಿ ಬಂದರೆ ಗೂಗಲ್ 403 ತೋರಿಸುತ್ತೆ, 'ಡಿಸ್‌ಅಲೌಡ್ ಯೂಸರ್‌ಏಜೆಂಟ್' ಅಂತ. ಮತ್ತೆ ಒಂದು ಹಿರಿಯ ದಂಪತಿ ಇಬ್ಬರಿಗೂ ಸೇರಿ ಒಂದೇ ಜಿಮೇಲ್ ಇಟ್ಟುಕೊಂಡಿದ್ದಾರೆ, ಆದರೆ ಸದಸ್ಯತ್ವ ಎರಡು. ಅವರಿಗೆ ಹೊಸ ಜಿಮೇಲ್ ಮಾಡಿಕೊಳ್ಳಿ ಅನ್ನಲು ನನಗೆ ಮನಸ್ಸಿಲ್ಲ.

ವಾಸ್ಕೋ_ವಾಸಿ:
ಮೊದಲನೆಯದು ನಿಮ್ಮ ತಪ್ಪಲ್ಲ. ಆಪ್‌ಗಳ ಒಳಗೇ ತೆರೆಯುವ ಬ್ರೌಸರ್‌ನಲ್ಲಿ ಗೂಗಲ್ ಲಾಗಿನ್ ಮಾಡಲು ಬಿಡುವುದಿಲ್ಲ. ಆ ಆಪ್ ಪಾಸ್‌ವರ್ಡ್ ಕದ್ದು ನೋಡಬಹುದಲ್ಲ, ಅದಕ್ಕೆ. ಲಾಗಿನ್ ಬಟನ್ ಕೆಳಗೆ 'ಮೂರು ಚುಕ್ಕೆ ಒತ್ತಿ, ಕ್ರೋಮ್‌ನಲ್ಲಿ ತೆರೆಯಿರಿ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ.
ಎರಡನೆಯದಕ್ಕೆ, ಸದಸ್ಯರನ್ನು ಇಮೇಲ್‌ನಿಂದ ಗುರುತಿಸಬೇಡಿ. ಲಾಗಿನ್ ಆದವರು ಯಾರೆಂದು ಹೇಳಲು ಗೂಗಲ್ ಕೊಡುವ ಐಡಿ ಟೋಕನ್‌ನಲ್ಲಿ 'ಸಬ್' ಎಂಬ ಒಂದು ಸಂಖ್ಯೆ ಇರುತ್ತದೆ, ಇಮೇಲ್ ಬದಲಾದರೂ ಅದು ಬದಲಾಗುವುದಿಲ್ಲ. ಅದಕ್ಕೆ ಇಬ್ಬರ ಸದಸ್ಯತ್ವವನ್ನೂ ಜೋಡಿಸಿ. ಒಳಗೆ ಬಂದ ಮೇಲೆ 'ಪುಸ್ತಕ ಯಾರಿಗೆ?' ಎಂದು ಕೇಳಿ, ಎರಡು ಹೆಸರು ತೋರಿಸಿ.

ಡೊಂಬಿವಲಿ_ಪೂರ್ವ:
ಹಾಗೇ ಮಾಡುತ್ತೇನೆ. ಹೆಸರಿನ ಅಕ್ಷರ ದೊಡ್ಡದಾಗಿ ಇಡುತ್ತೇನೆ, ಅಜ್ಜಿಗೆ ಕಣ್ಣು ಸ್ವಲ್ಪ ಮಂಜು.

ಮಾಟುಂಗಾ_ಮಾಣಿ:
ಭಾನುವಾರ ಎಷ್ಟು ಗಂಟೆಗೆ? ನಾನೂ ಬರುತ್ತೇನೆ, ದಾದರ್‌ನಿಂದ ನೇರ ಗಾಡಿ ಇದೆಯಲ್ಲ. ನಮ್ಮ ಮಾವನವರ ಹತ್ತಿರ ಹಳೆ ಕಾದಂಬರಿಗಳು ಎರಡು ಪೆಟ್ಟಿಗೆ ಇವೆ, ವಾಚನಾಲಯಕ್ಕೆ ಬೇಕಾ ಕೇಳಿ ನೋಡಿ.